ಆರೋಗ್ಯ ವಿಚಾರ: ಶಸ್ತ್ರಕ್ರಿಯೆಗೆ ಮುನ್ನ ಹಾರ್ಮೋನನ್ನು ನಿಲ್ಲಿಸಬೇಕೆ?

ಗಂಡಾಗಿ ಹುಟ್ಟಿದರೆಂದು ಎಣಿಸಲ್ಪಟ್ಟು ಹೆಣ್ಣಾಗಿ ಬಾಳುವವರೂ, ಹೆಣ್ಣೆಂದು ಎಣಿಸಲ್ಪಟ್ಟು ಗಂಡಾಗಿ ಬಾಳುವವರೂ ನಮ್ಮ ನಮ್ಮ ಮನೆಗಳಲ್ಲಿಯೇ ಹುಟ್ಟಿದ ಮಕ್ಕಳು. 2014ನೆಯ ಇಸವಿಯ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು ಇವರ ಘನತೆಯನ್ನು ಎತ್ತಿಹಿಡಿಯಿತು. ಇವರಲ್ಲಿ ಕೆಲವರು ಹಾರ್ಮೋನು ಚಿಕಿತ್ಸೆಯನ್ನು ಪಡೆದು, ತರುವಾಯ ಶಸ್ತ್ರಕ್ರಿಯೆಗೆ ಸಿದ್ಧರಾಗುವರು. ಆಗ ಏಳುವ ಪ್ರಶ್ನೆ ಒಂದುಂಟು: ಔಷಧವನ್ನು ಕೆಲವು ವಾರ ಮುಂಚೆಯೇ ನಿಲ್ಲಿಸಬೇಕೆ?

ಈ ಪ್ರಶ್ನೆಗೆ ಕಾರಣವಿಲ್ಲದೆ ಇಲ್ಲ. ಹೆಣ್ತನವನ್ನು ತರುವ ಈಸ್ಟ್ರೋಜನ್ ರಕ್ತದ ಹೆಪ್ಪುಗಟ್ಟುವ ಗುಣವನ್ನು ತುಸು ಹೆಚ್ಚಿಸಬಲ್ಲುದು. ದೀರ್ಘ ಶಸ್ತ್ರಕ್ರಿಯೆಯೂ, ಆ ಮೇಲೆ ಹಾಸಿಗೆ ಹಿಡಿದು ಮಲಗುವುದೂ ಅದನ್ನೇ ಮಾಡುವುವು. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಎರಡು ನಾಲ್ಕು ವಾರ ಮೊದಲೇ ಔಷಧವನ್ನು ಬಿಡಿಸುವ ಪದ್ಧತಿ ಅನೇಕ ಶಸ್ತ್ರವೈದ್ಯರಲ್ಲಿ ಬೆಳೆಯಿತು.

ಆದರೆ ಆ ಭಯದ ಬಹುಭಾಗವು ಹಳೆಯ ಔಷಧದಿಂದ ಬಂದುದು. 1989ರಲ್ಲಿಯೂ 1997ರಲ್ಲಿಯೂ ಆಂಸ್ಟರ್‌ಡಾಂನ ವೈದ್ಯರು ಹೆಪ್ಪಿನ ಹೆಚ್ಚಳವನ್ನು ವರದಿಮಾಡಿದಾಗ ಅಲ್ಲಿ ಬಳಕೆಯಲ್ಲಿದ್ದುದು ಹೆಚ್ಚಾಗಿ ಎಥಿನೈಲ್ ಈಸ್ಟ್ರಡಯಾಲ್. ಈಗಿನ ಚಿಕಿತ್ಸೆಯಲ್ಲಿ ಅದರ ಸ್ಥಾನವನ್ನು ಈಸ್ಟ್ರಡಯಾಲ್ ಪಡೆದಿದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯರು 2021ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಔಷಧವನ್ನು ಮುಂದುವರಿಸಿದವರಲ್ಲಿ ಹೆಪ್ಪು ಹೆಚ್ಚಾದುದು ಕಂಡುಬರಲಿಲ್ಲ. ಒಂದು ಪರಿಶೀಲನೆಯಿಂದಲೇ ಎಲ್ಲವೂ ತೀರ್ಮಾನವಾಗದು. ಆದರೂ ಎಲ್ಲರೂ ನಿಲ್ಲಿಸಲೇಬೇಕೆಂಬ ನಿಯಮಕ್ಕೆ ಬಲವಾದ ಆಧಾರವಿಲ್ಲವೆಂಬುದು ಸ್ಪಷ್ಟ. ನಿಲ್ಲಿಸಿದರೆ ಮೈ ಬಿಸಿಯೇರುವುದು, ನಿದ್ರೆ ಕೆಡುವುದು, ಮನಸ್ಸು ಕುಗ್ಗುವುದು ಮುಂತಾದ ಬಾಧೆಗಳೂ ಉಂಟು. ಗಂಡುತನಕ್ಕಾಗಿ ಕೊಡುವ ಟೆಸ್ಟೋಸ್ಟಿರಾನನ್ನು ಸಾಮಾನ್ಯವಾಗಿ ಮುಂದುವರಿಸುವರು. ಅದು ಕೆಂಪು ರಕ್ತಕಣಗಳನ್ನು ಹೆಚ್ಚಿಸುವುದರಿಂದ ರಕ್ತಪರೀಕ್ಷೆ ಮಾತ್ರ ಅವಶ್ಯ.

ಹಿಂದೆ ಹೆಪ್ಪುಗಟ್ಟಿದವರು, ಧೂಮಪಾನಿಗಳು, ಸ್ಥೂಲಕಾಯರು, ವಯಸ್ಸಾದವರು, ಇವರ ವಿಷಯವು ಬೇರೆ. ಅವರಿಗೆ ನಿಲ್ಲಿಸುವುದೋ, ಗುಳಿಗೆಯ ಬದಲು ಚರ್ಮಕ್ಕೆ ಅಂಟಿಸುವ ಪಟ್ಟಿ ಕೊಡುವುದೋ ಎಂಬುದನ್ನು ವೈದ್ಯರೇ ನಿರ್ಣಯಿಸತಕ್ಕುದು.

ನಮಗೆ ಹೆಚ್ಚು ಕಳವಳವಾಗುವುದು ಬೇರೊಂದು ವಿಷಯದಲ್ಲಿ. ನಾಚಿಕೆಯಿಂದಲೋ ಬಡತನದಿಂದಲೋ ವೈದ್ಯರ ಬಳಿಗೆ ಹೋಗದೆ, ಅಂಗಡಿಯಿಂದ ಗರ್ಭನಿರೋಧಕ ಗುಳಿಗೆಗಳನ್ನು ತಂದು ನುಂಗುವವರುಂಟು. ಆ ಗುಳಿಗೆಗಳಲ್ಲಿ ಬಹಳವಾಗಿ ಇರುವುದು ಆ ಹಳೆಯ ಎಥಿನೈಲ್ ಈಸ್ಟ್ರಡಯಾಲೇ. 2022ರಲ್ಲಿ ಈ ಚಿಕಿತ್ಸೆಯ ಅಂತರರಾಷ್ಟ್ರೀಯ ವೈದ್ಯಸಂಘವು ಪ್ರಕಟಿಸಿದ ಸೂಚನೆಗಳು ಅದನ್ನು ಬಳಸಲಾಗದೆಂದು ಹೇಳಿವೆ. ನುಂಗಿದುದನ್ನು ಮುಚ್ಚಿಟ್ಟು ಶಸ್ತ್ರಕ್ರಿಯೆಗೆ ಮಲಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗುವು ಯಾವ ಔಷಧವನ್ನು, ಎಷ್ಟು ಕಾಲದಿಂದ ಸೇವಿಸುತ್ತಿದೆಯೆಂದು ಗದರಿಸದೆ ಕೇಳಿ, ಚೀಟಿಯಲ್ಲಿ ಬರೆದು, ಶಸ್ತ್ರವೈದ್ಯರಿಗೂ ಅರಿವಳಿಕೆಯ ವೈದ್ಯರಿಗೂ ತೋರಿಸಿರಿ. ತಾವಾಗಿ ನಿಲ್ಲಿಸಲೂ ಬೇಡ, ನಿಲ್ಲಿಸೆಂದಾಗ ಮುಂದುವರಿಸಲೂ ಬೇಡ. ಚಿಕಿತ್ಸೆ ಬೆಂಗಳೂರಿನಲ್ಲಾದರೆ ಚನ್ನರಾಯಪಟ್ಟಣಕ್ಕೆ ಹಿಂದಿರುಗುವ ದಾರಿ ಸುಮಾರು 150 ಕಿಲೋಮೀಟರು. ವೈದ್ಯರು ಅನುಮತಿಸಿದ ಮೇಲೆಯೇ ಹೊರಟು, ನಡುನಡುವೆ ವಾಹನವನ್ನು ನಿಲ್ಲಿಸಿ ಕಾಲಾಡಿಸುವುದು ಲೇಸು. ಒಂದು ಕಾಲು ಬಾತು ನೋವಾದರೆ, ಉಸಿರು ಹಠಾತ್ತಾಗಿ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕುದು. ಮನೆಯವರೆದುರು ಬಾಯಿಬಿಟ್ಟು ಹೇಳಬಲ್ಲ ರೋಗಿಗೆ ಅರ್ಧ ಅಪಾಯವು ಅಲ್ಲಿಗೇ ಕಳೆದಂತೆ.