ಲಾಹಿಜ್: ಮನೆಯೊಳಗೆ ಉಳಿದ ಫಾರ್ಸಿ

ಫಾರ್ಸಿ ಎಂದ ಕೂಡಲೇ ನಮಗೆ ಇರಾನ್ ನೆನಪಾಗುತ್ತದೆ. ಆದರೆ ತುರ್ಕಿ ಮೂಲದ ಅಝರಿ ಭಾಷೆಯಾಡುವ ನೆರೆಯ ಅಝರ್‌ಬೈಜಾನ್ ದೇಶದಲ್ಲೂ ಫಾರ್ಸಿಯ ಒಂದು ರೂಪವನ್ನೇ ಮನೆಮಾತಾಗಿಸಿಕೊಂಡ ಹಳ್ಳಿಯೊಂದಿದೆ. ಹೆಸರು ಲಾಹಿಜ್. ರಾಜಧಾನಿ ಬಾಕುವಿನ ಪಶ್ಚಿಮಕ್ಕೆ, ಕಾಕಸಸ್ ಪರ್ವತದ ದಕ್ಷಿಣ ಇಳಿಜಾರಿನಲ್ಲಿ, ಗಿರ್ದಿಮಾನ್ ನದಿಯ ದಂಡೆಯ ಮೇಲಿದೆ. ಜನಸಂಖ್ಯೆ ಸುಮಾರು ಒಂದು ಸಾವಿರ. ಊರವರು ಮುಸ್ಲಿಮರು, ಅವರ ಮಾತಿಗೆ ತಾತ್ ಎಂದು ಹೆಸರು. ತಮ್ಮ ಪೂರ್ವಜರು ಇರಾನಿನ ಲಾಹಿಜಾನ್‌ನಿಂದ ಬಂದವರೆಂದು ಅವರು ಹೇಳುತ್ತಾರೆ.

ಕಲ್ಲು ಹಾಸಿದ ಇಲ್ಲಿನ ಬೀದಿಯಲ್ಲಿ ನಡೆದರೆ ತಾಮ್ರ ಬಡಿಯುವ ಸದ್ದು ಕೇಳಿಸುತ್ತದೆ. ಒಬ್ಬರು ತಿದಿಯೊತ್ತಿ ಕುಲುಮೆ ಉರಿಸಿದರೆ, ಉಸ್ತಾದ್ ತಾಮ್ರವನ್ನು ಬಡಿದು ತಗಡಾಗಿಸುತ್ತಾರೆ. ಕೊನೆಗೆ ಅದರ ಮೇಲೆ ಹೂಬಳ್ಳಿಗಳ ಕೆತ್ತನೆ. ಅಡುಗೆ ಪಾತ್ರೆಯ ಒಳಬದಿಗೆ ಕಲಾಯಿಯೂ ಆಗಬೇಕು. ಹೌದು, ನಮ್ಮ ಅಜ್ಜಿಯರು ಬಿರಿಯಾನಿ ದೇಗಿಗೆ ಹಾಕಿಸುತ್ತಿದ್ದ ಅದೇ ಕಲಾಯಿ! ಅಝರಿಯಲ್ಲೂ ಕಲಾಯ್ ಎಂದರೆ ತವರ. ತಂದೆಯಿಂದ ಮಗನಿಗೆ ಬರುವ ಈ ಕಸುಬನ್ನು ಯುನೆಸ್ಕೋ 2015ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ತಾತ್ ಭಾಷೆಯೂ ಯುನೆಸ್ಕೋ ಪಟ್ಟಿಯಲ್ಲಿದೆ, ಆದರೆ ಅದು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿ. ಶಾಲೆಯ ಪಾಠ ಅಝರಿಯಲ್ಲಿ. ದುಡಿಮೆಗಾಗಿ ಬಾಕುವಿಗೆ ಹೋದವರಿಗೂ ಅಲ್ಲಿ ಅದೇ ಮಾತು. ತಾಮ್ರದ ಕೆಲಸ ಕಲಿಯಲು ಹುಡುಗನಿಗೆ ಅಂಗಡಿಯಿದೆ, ಉಸ್ತಾದ್ ಇದ್ದಾರೆ. ತಾತ್ ಕಲಿಯಲು ಮಗುವಿಗಿರುವುದು ಮನೆಯಲ್ಲಿ ತಾಯಿ, ಅಜ್ಜಿಯರು ಆಡುವ ಮಾತು.