ಉರಿಯುವುದೋ, ಉರಿಯದೋ?

ಪೆಟ್ರೋಲ್ ಸಾಗಿಸುವ ಟ್ಯಾಂಕರ್ ಲಾರಿಗಳ ಹಿಂಬದಿಯಲ್ಲಿ ದಪ್ಪಕ್ಷರಗಳಿಂದ ‘ಹೈಲಿ ಇನ್‌ಫ್ಲಾಮಬಲ್’ ಎಂದು ಬರೆದಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಉಗುರುಬಣ್ಣ ಅಳಿಸುವ ದ್ರವದ ಸೀಸೆಯ ಮೇಲೆ, ಸುಗಂಧ ಸಿಂಪಡಿಸುವ ಡಬ್ಬಿಯ ಮೇಲೆ ಕಾಣುವ ಮಾತು ಬಹುಮಟ್ಟಿಗೆ ‘ಫ್ಲಾಮಬಲ್’. ಈ ಎರಡರಲ್ಲಿ ಬೆಂಕಿ ಹತ್ತುವುದು ಯಾವುದು, ಹತ್ತದಿರುವುದು ಯಾವುದು?

ಈ ಪ್ರಶ್ನೆಯನ್ನು ಶಾಲೆಯ ಮಕ್ಕಳ ಮುಂದಿಟ್ಟರೆ ವ್ಯಾಕರಣದಲ್ಲಿ ಜಾಣರಾದವರೇ ಮೊದಲು ಎಡವಿಯಾರು. ‘ಕರೆಕ್ಟ್’ ಎಂಬುದಕ್ಕೆ ‘ಇನ್‌ಕರೆಕ್ಟ್’ ವಿರುದ್ಧ, ‘ವಿಸಿಬಲ್’ ಎಂಬುದಕ್ಕೆ ‘ಇನ್‌ವಿಸಿಬಲ್’ ವಿರುದ್ಧ. ಆದುದರಿಂದ ‘ಇನ್‌ಫ್ಲಾಮಬಲ್’ ಎಂದರೆ ಉರಿಯದಿರುವುದು! ತರ್ಕವೇನೋ ಸೊಗಸಾಗಿದೆ, ಸಿದ್ಧಾಂತ ಮಾತ್ರ ತಪ್ಪು. ಎರಡು ಮಾತುಗಳ ಅರ್ಥವೂ ಒಂದೇ: ಸುಲಭವಾಗಿ ಬೆಂಕಿ ಹತ್ತುವಂಥದು.

ಇದರ ಗುಟ್ಟು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಇನ್’ ಎಂಬ ರೂಪದ ಉಪಸರ್ಗಗಳು ಎರಡು. ಒಂದು ನಿಷೇಧಾರ್ಥಕ, ನಮ್ಮ ಸಂಸ್ಕೃತದ ‘ಅನ್’ ಎಂಬುದಕ್ಕೆ ಒಡಹುಟ್ಟು. ‘ಇನ್‌ಫಿನಿಟ್’ ಎಂದರೆ ‘ಅನಂತ’ವೆಂದು ಹೇಳುವಾಗ ನಾವು ಅಕ್ಷರಶಃ ಒಂದೇ ಮಾತನ್ನು ಎರಡು ಭಾಷೆಗಳಲ್ಲಿ ಆಡುತ್ತೇವೆ. ಇನ್ನೊಂದು ‘ಇನ್’ಗೆ ‘ಒಳಗೆ’, ‘ಒಳಕ್ಕೆ’ ಎಂಬ ಅರ್ಥ. ಜ್ವಾಲೆಯೊಳಕ್ಕೆ ತರುವುದು, ಉರಿಸುವುದು ಎಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದುದೇ ‘ಇನ್‌ಫ್ಲಾಮಬಲ್’. ವೈದ್ಯರ ಬಾಯಲ್ಲಿ ಕೇಳಿಬರುವ ‘ಇನ್‌ಫ್ಲಮೇಷನ್’ ಇದರ ಸೋದರ. ಅದನ್ನು ಕನ್ನಡದಲ್ಲಿ ‘ಉರಿಯೂತ’ವೆನ್ನುತ್ತೇವೆಯೇ ಹೊರತು ಉರಿಯಿಲ್ಲದ ಊತವೆನ್ನುವುದಿಲ್ಲವಷ್ಟೆ!

ಹೋಲಿಕೆ ಪೂರ್ಣವಲ್ಲದಿದ್ದರೂ, ನಮ್ಮಲ್ಲಿಯೂ ‘ವಿ’ ಎಂಬ ಉಪಸರ್ಗ ಇಂಥದೇ ಇಬ್ಬಗೆಯ ಆಟವಾಡುತ್ತದೆ. ‘ವಿಫಲ’, ‘ವಿರಸ’ಗಳಲ್ಲಿ ಅದು ಇಲ್ಲವೆನ್ನುತ್ತದೆ, ‘ವಿಖ್ಯಾತ’, ‘ವಿಶುದ್ಧ’ಗಳಲ್ಲಿ ಇರುವುದನ್ನೇ ಹೆಚ್ಚಿಸುತ್ತದೆ. ವಿಖ್ಯಾತನೆಂದರೆ ಖ್ಯಾತಿಯಿಲ್ಲದವನೆಂದು ನಾವು ತಿಳಿಯುವುದಿಲ್ಲ, ಏಕೆಂದರೆ ಅದು ಮನೆಯ ಮಾತು. ಪರಭಾಷೆಯಲ್ಲಿ ಆ ರಕ್ಷೆ ನಮಗಿಲ್ಲ.

ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ಇನ್ನೂ ಉಂಟು. ‘ಇನ್‌ಫೇಮಸ್’ ಎಂದರೆ ಅಪ್ರಸಿದ್ಧನಲ್ಲ, ಕುಖ್ಯಾತ. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದುದಲ್ಲ, ಬೆಲೆ ಕಟ್ಟಲಾಗದುದು. ನಮ್ಮ ‘ಅಮೂಲ್ಯ’ದ ಹಾಗೆಯೇ. ಇವುಗಳಲ್ಲಿ ತಪ್ಪಿದರೆ ನಗೆಪಾಟಲಾಗುತ್ತದೆ. ‘ಇನ್‌ಫ್ಲಾಮಬಲ್’ನಲ್ಲಿ ತಪ್ಪಿದರೆ ಮೈ ಸುಡುತ್ತದೆ.

ಮಾತೊಂದು ಬೆಂಕಿ ಹಚ್ಚಬಲ್ಲುದೆ? ಹಚ್ಚಬಲ್ಲುದೆಂದು ಬರೆದವನು ಬೆಂಜಮಿನ್ ಲೀ ವೋರ್ಫ್ ಎಂಬ ಅಮೆರಿಕದ ಭಾಷಾವಿಜ್ಞಾನಿ. ಹೊಟ್ಟೆಪಾಡಿಗೆ ಅವನು ಅಗ್ನಿವಿಮಾ ಕಂಪನಿಯೊಂದರ ತನಿಖಾಧಿಕಾರಿ. ಪೆಟ್ರೋಲ್ ತುಂಬಿದ ಪೀಪಾಯಿಗಳ ಬಳಿ ಜನ ಎಚ್ಚರದಿಂದಿರುತ್ತಾರೆ, ‘ಖಾಲಿ’ ಪೀಪಾಯಿಗಳ ಬಳಿ ಬೀಡಿ ಸಿಗರೇಟು ಸೇದಲು ಹಿಂಜರಿಯುವುದಿಲ್ಲ ಎಂಬುದನ್ನು ಅವನು ಗಮನಿಸಿದನು. ಖಾಲಿ ಪೀಪಾಯಿಯೊಳಗೆ ಉಳಿದಿರುವ ಆವಿಯೇ ಹೆಚ್ಚು ಅಪಾಯಕಾರಿ. ಆದರೆ ‘ಖಾಲಿ’ ಎಂಬ ಮಾತು ಮನಸ್ಸನ್ನು ನಿಶ್ಚಿಂತಗೊಳಿಸುತ್ತದೆ. ‘ಇನ್’ ಎಂಬುದು ಉಂಟುಮಾಡುವ ನಿಶ್ಚಿಂತೆಯೂ ಇದೇ ಬಗೆಯದು.

ಈ ಅಪಾಯವನ್ನರಿತೇ ಅಮೆರಿಕದ ಅಗ್ನಿರಕ್ಷಣಾ ತಜ್ಞರು 1920ರ ದಶಕದಲ್ಲಿ, ಅಷ್ಟಾಗಿ ಬಳಕೆಯಲ್ಲಿಲ್ಲದ ‘ಫ್ಲಾಮಬಲ್’ ಎಂಬ ರೂಪವನ್ನೇ ಬಳಸಬೇಕೆಂದು ಒತ್ತಾಯಿಸಿದರು. 1953ರಲ್ಲಿ ಅಲ್ಲಿ ಬಟ್ಟೆಗಳ ಬಗ್ಗೆ ಕಾಯಿದೆಯಾದಾಗ ಅದರ ಹೆಸರಿನಲ್ಲಿಯೂ ‘ಫ್ಲಾಮಬಲ್’ ಸೇರಿತು. 1959ರಲ್ಲಿ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಸಹ ಇದನ್ನೇ ಅನುಮೋದಿಸಿತು. ನಮ್ಮ ಸಂಸತ್ತು 1952ರಲ್ಲಿ ಮಾಡಿದ ಕಾಯಿದೆಯ ಹೆಸರಿನಲ್ಲಿ ಮಾತ್ರ ‘ಇನ್‌ಫ್ಲಾಮಬಲ್’ ಎಂದೇ ಇದೆ. ಹೀಗಾಗಿ ಹಳೆಯದೂ ಹೊಸದೂ ಎರಡೂ ನಮ್ಮ ಕಣ್ಣಿಗೆ ಬೀಳುತ್ತವೆ. ನಿಜವಾಗಿ ಬೆಂಕಿ ಹತ್ತದುದಕ್ಕೆ ಇರುವ ಮಾತು ‘ನಾನ್‌ಫ್ಲಾಮಬಲ್’. ‘ನಾನ್’ ಕಾಣದಿದ್ದರೆ ಒಲೆಯಿಂದ ದೂರವಿಡತಕ್ಕದ್ದು.

ಕನ್ನಡದಲ್ಲಿ ಬರೆದುಬಿಟ್ಟರೆ ತೊಂದರೆ ತಪ್ಪಿತೆ? ‘ದಹ್ಯ’, ‘ಅದಹ್ಯ’ ಎಂದು ಬರೆದರೆ ನಾವೂ ಅದೇ ಬಲೆಗೆ ಬಿದ್ದಂತೆ. ಚೀಟಿಯ ಮೇಲಿನ ಒಂದು ‘ಅ’ಕಾರ ಅಳಿಸಿದರೂ ಅರ್ಥ ತಲೆಕೆಳಗಾಗುತ್ತದೆ. ಪಾಂಡಿತ್ಯಕ್ಕೆ ಪುಸ್ತಕಗಳುಂಟು, ಸೀಸೆಯ ಮೇಲೆ ಬೇಕಾದುದು ಅಡುಗೆಮನೆಯಲ್ಲಿ ಅವಸರದಲ್ಲಿರುವವರಿಗೂ ಒಡನೆ ತಿಳಿಯುವ ಮಾತು. ಮನೆಯೊಡತಿಯರು ಅಂಥ ಸೀಸೆ ಡಬ್ಬಿಗಳಿಗೆ ಇಂದೇ ಒಂದೊಂದು ಚೀಟಿ ಅಂಟಿಸಿ, ತಮ್ಮ ಕೈಯಿಂದಲೇ ಬರೆದಿಡಲಿ: ‘ಬೆಂಕಿ ಹತ್ತುತ್ತದೆ, ಎಚ್ಚರ.’