ಬಿಟ್ಟಿ ಬಂದ ಆಟಗಾರ ಎಷ್ಟು ದಿನ ನಿಂತಾನು?

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡಕ್ಕೆ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂಬ ಜಗಳಕ್ಕೆ ಕೊನೆಯೇ ಇಲ್ಲ. ಶಿವಾಜಿನಗರದ ಚಹಾ ಅಂಗಡಿಯಿಂದ ಹಿಡಿದು ಆಸ್ಟಿನ್ ಟೌನಿನ ಮೈದಾನದ ಕಟ್ಟೆಯವರೆಗೆ ಎರಡು ಪಕ್ಷ. "ಗೆಲ್ಲೋ ಆಟಗಾರರನ್ನ ತನ್ನಿ ಸ್ವಾಮಿ, ಎಲ್ಲಿಯವರಾದ್ರೆ ಏನು" ಅನ್ನುವವರು ಒಂದು ಕಡೆ. "ಯಾಕೆ, ಊರಲ್ಲಿ ಹುಡುಗರಿಗೆ ಬರ ಬಂದಿದೆಯಾ?" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಟಿಕೆಟ್ಟಿಗೆ ದುಡ್ಡು ಕೊಟ್ಟು ಕಂಠೀರವಕ್ಕೆ ಹೋಗುವವರೇ. ಆದ್ದರಿಂದ ಇಬ್ಬರ ಮಾತಿಗೂ ಬೆಲೆಯಿದೆ.

ಕ್ಲಬ್ಬಿನವರಿಗೆ ಬಹಳ ಇಷ್ಟವಾದ ದಾರಿ ಕರಾರು ಮುಗಿದ ಆಟಗಾರನನ್ನು ಹಿಡಿದು ತರುವುದು. ಇದಕ್ಕೆ ಫ್ರೀ ಏಜೆಂಟ್ ಎಂದು ಹೆಸರು. ಮಳಿಗೆಯ ಗುತ್ತಿಗೆ ಮುಗಿದ ಬಾಡಿಗೆದಾರ ಬೀಗದ ಕೈ ಕೊಟ್ಟು ಪಕ್ಕದ ಬೀದಿಗೆ ಹೋದರೆ ಹಳೆಯ ಮಾಲೀಕ ತಡೆಯುವಂತಿಲ್ಲವಲ್ಲ, ಹಾಗೆ. ಒಂದು ಕಾಲಕ್ಕೆ ಇಷ್ಟು ಸಲೀಸಿರಲಿಲ್ಲ. ಬೆಲ್ಜಿಯಂ ದೇಶದ ಬೋಸ್ಮನ್ ಎಂಬ ಆಟಗಾರ, ಕರಾರು ಮುಗಿದ ಮೇಲೂ ತನ್ನನ್ನು ಬಿಡುತ್ತಿಲ್ಲ ಎಂದು ಕೋರ್ಟು ಹತ್ತಿದ. 1995ರಲ್ಲಿ ಯೂರೋಪಿನ ನ್ಯಾಯಾಲಯ ಅವನ ಕಡೆ ತೀರ್ಪು ಕೊಟ್ಟಿತು. ಈಗ ಕರಾರು ಮುಗಿಯಲು ಆರು ತಿಂಗಳಿರುವಾಗಲೇ ಆಟಗಾರ ಬೇರೆಯವರ ಜೊತೆ ಮಾತು ಮುಗಿಸಿಕೊಳ್ಳಬಹುದು.

ಹಳೆಯ ಕ್ಲಬ್ಬಿಗೆ ಕಾಸು ಕೊಡಬೇಕಾಗಿಲ್ಲ ಎಂಬುದು ನಿಜ. ಅಂದಮಾತ್ರಕ್ಕೆ ಆಟಗಾರ ಬಿಟ್ಟಿ ಬರುತ್ತಾನೆಯೇ? ಅಲ್ಲಿ ಉಳಿದ ದುಡ್ಡು ಇಲ್ಲಿ ಅವನ ಸಂಬಳಕ್ಕೆ, ಕೈಗಡದಂತೆ ಕೊಡುವ ಮುಂಗಡಕ್ಕೆ, ಮಧ್ಯವರ್ತಿಯ ಕಮಿಷನ್ನಿಗೆ ಹೋಗುತ್ತದೆ. ಇನ್ನೊಂದು ವಿಷಯ: ಹೇಗೆ ಕರಾರು ಮುಗಿಸಿ ಬಂದನೋ ಹಾಗೆಯೇ ಕರಾರು ಮುಗಿಸಿ ಹೋಗುತ್ತಾನೆ. ಆಗ ಕ್ಲಬ್ಬಿನ ಗಲ್ಲಾಪೆಟ್ಟಿಗೆಗೆ ಬೀಳುವುದು ಸೊನ್ನೆ.

2022ರಲ್ಲಿ ನಡೆದದ್ದನ್ನು ನೋಡಿ. ಕೋಲ್ಕತ್ತದ ಮೋಹನ್ ಬಾಗಾನ್ ಪಾಳೆಯದಿಂದ ಫಿಜಿ ದೇಶದ ರಾಯ್ ಕೃಷ್ಣ ಬಂದ, ಸಂದೇಶ್ ಜಿಂಗನ್ ಬಂದ, ಪ್ರಬೀರ್ ದಾಸ್ ಬಂದ. ಊರೆಲ್ಲ ಸಂಭ್ರಮ. ಆ ಸಾಲಿನಲ್ಲಿ ತಂಡ ಡ್ಯುರಾಂಡ್ ಕಪ್ ಗೆದ್ದಿತು. ಐಎಸ್‌ಎಲ್ ಫೈನಲಿಗೆ ಹೋಗಿ, 2-2 ಆದ ಮೇಲೆ ಪೆನಾಲ್ಟಿಯಲ್ಲಿ ಅದೇ ಮೋಹನ್ ಬಾಗಾನಿಗೆ ಸೋತಿತು. ಸೂಪರ್ ಕಪ್ ಫೈನಲಿಗೂ ಹೋಗಿ ಒಡಿಶಾಗೆ ಸೋತಿತು. ಒಂದೇ ವರ್ಷ, ಮೂರು ಫೈನಲ್! ಸಂತೆಯಲ್ಲಿ ಕೊಂಡದ್ದು ಸಾರ್ಥಕ ಎಂದರು ಜನ.

2023ರ ಮಳೆಗಾಲ ಬರುವ ಹೊತ್ತಿಗೆ ಕೃಷ್ಣ ಒಡಿಶಾಗೆ, ಜಿಂಗನ್ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ಕೃಷ್ಣ ಅಲ್ಲಿ ಹೋಗಿ ಮುಂದಿನ ಲೀಗಿನಲ್ಲಿ 13 ಗೋಲು ಹೊಡೆದ. ಇಲ್ಲಿ ಬೆಂಗಳೂರು ತಂಡ 12 ತಂಡಗಳ ಪೈಕಿ 10ನೇ ಸ್ಥಾನಕ್ಕೆ ಜಾರಿತು, ಮಧ್ಯದಲ್ಲೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಕಳಿಸಲಾಯಿತು. ಅದಕ್ಕೂ ಹಿಂದೆ ಕ್ಲಬ್ಬು ಇಷ್ಟು ಕೆಳಗೆ ಇಳಿದದ್ದೇ ಇಲ್ಲ.

ಮತ್ತೆ 2024ರಲ್ಲಿ ಅದೇ ಸಂತೆ. ಮುಂಬಯಿ ತಂಡದಿಂದ ನೊಗೆರಾ, ಪೆರೇರಾ ಡಿಯಾಜ್, ಅವರ ಜೊತೆ ರಾಹುಲ್ ಭೆಕೆ. ಈ ಭೆಕೆಯ ಕಥೆಯೇ ಒಂದು ಸ್ವಾರಸ್ಯ. 2019ರ ಫೈನಲಿನಲ್ಲಿ ಹೆಚ್ಚುವರಿ ವೇಳೆ ಇನ್ನೇನು ಮುಗಿಯಬೇಕು ಅನ್ನುವಾಗ ತಲೆಕೊಟ್ಟು ಗೋವಾ ಮೇಲೆ ಗೋಲು ಹಾಕಿ ಬೆಂಗಳೂರಿಗೆ ಲೀಗ್ ಕಪ್ ತಂದುಕೊಟ್ಟವನು ಅವನೇ. 2021ರಲ್ಲಿ ಬಿಟ್ಟುಹೋದ. ಮುಂಬಯಿಗೂ ಕಪ್ ಗೆದ್ದುಕೊಟ್ಟು, ಮೂರು ವರ್ಷ ದೊಡ್ಡವನಾಗಿ ವಾಪಸು ಬಂದ. ಕೈಲಿದ್ದ ಪಾತ್ರೆಯನ್ನು ಗುಜರಿಗೆ ಹಾಕಿ, ಅದನ್ನೇ ಮತ್ತೆ ಅಂಗಡಿಯಲ್ಲಿ ಕೊಂಡ ಹಾಗಾಯಿತು. ಆದರೂ ಈ ಸಲದ ವ್ಯಾಪಾರ ಕೈಕೊಡಲಿಲ್ಲ. 2025ರ ಏಪ್ರಿಲ್‌ನಲ್ಲಿ ತಂಡ ಮತ್ತೆ ಫೈನಲಿಗೆ ಹೋಯಿತು. ಸಾಲ್ಟ್ ಲೇಕಿನಲ್ಲಿ ಹೆಚ್ಚುವರಿ ವೇಳೆಯಲ್ಲಿ 2-1ರಿಂದ ಸೋತಿತು. ಎದುರಾಳಿ ಯಾರು ಅಂತ ಹೇಳಬೇಕಾಗಿಲ್ಲ.

ಆ ಸಾಲಿನಲ್ಲಿ ತಂಡವನ್ನು ಹೊತ್ತವರು ಹೊಸದಾಗಿ ಬಂದ ದೊಡ್ಡ ಹೆಸರುಗಳು ಮಾತ್ರವೇ ಅಲ್ಲ. 14 ಗೋಲು ಹೊಡೆದವರು ಸುನಿಲ್ ಚೆಟ್ರಿ, ವಯಸ್ಸು 40. ಜೆಎಸ್‌ಡಬ್ಲ್ಯು ಕಂಪನಿ 2013ರಲ್ಲಿ ಕ್ಲಬ್ಬು ಕಟ್ಟಿದಾಗಿನಿಂದ ಈ ಅಂಗಿಯ ಜೊತೆ ಇದ್ದವರು. ಲೀಗಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಒಂದೇ ಒಂದು ಗೋಲು ಹಾಕಿ ಗೆಲ್ಲಿಸಿದ್ದು ವಿನೀತ್ ವೆಂಕಟೇಶ್, ಈ ಊರಿನ ಹುಡುಗ, ಕ್ಲಬ್ಬಿನಲ್ಲೇ ಬೆಳೆದವನು. ಅದಕ್ಕೂ ಹಿಂದೆ 2022–23ರಲ್ಲಿ ಉದಯೋನ್ಮುಖ ಆಟಗಾರನ ಬಹುಮಾನ ಗೆದ್ದ ಶಿವಶಕ್ತಿ ಪಕ್ಕದ ತಮಿಳುನಾಡಿನಿಂದ ಚಿಕ್ಕವನಿದ್ದಾಗಲೇ ಬಂದು ಇಲ್ಲಿ ಪಳಗಿದವನು. ಹೀಗೆ ಬೆಳೆಸಿದವರಿಗೆ ಹಾಕಿದ ದುಡ್ಡಿಗೂ ತಂದವರಿಗೆ ಹಾಕಿದ ದುಡ್ಡಿಗೂ ತಾಳೆ ಹಾಕಿದರೆ ಯಾವುದು ಲಾಭ ಅಂತ ಕಿರಾಣಿ ಅಂಗಡಿಯ ಹುಡುಗನೂ ಹೇಳಿಯಾನು.

ಇದಕ್ಕೆ ಎದುರು ಪಕ್ಷದವರ ಹತ್ತಿರ ಒಂದು ಗಟ್ಟಿ ಉತ್ತರವಿದೆ. ಅವರು ಎಚ್‌ಎಎಲ್ ಹೆಸರು ತೆಗೆಯುತ್ತಾರೆ. ಊರ ಹುಡುಗರನ್ನೇ ನೆಚ್ಚಿಕೊಂಡಿದ್ದ ಆ ಕಾರ್ಖಾನೆ ತಂಡ 2011–12ರ ಐ-ಲೀಗಿನಿಂದ ಕೆಳಗೆ ಬಿತ್ತು, ಮತ್ತೆ ಏಳಲಿಲ್ಲ. ಅದೇ, ಹೊರಗಿನಿಂದ ಆಟಗಾರರನ್ನು ಕೂಡಿಹಾಕಿದ ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದಿತು. ಅಭಿಮಾನದಿಂದ ಗೋಲು ಆಗಲ್ಲ ಎನ್ನುತ್ತಾರೆ. ಒಪ್ಪಬೇಕಾದ ಮಾತು. ಬರೀ ಊರ ಹುಡುಗರ ತಂಡ ಕಟ್ಟಿ ಎಂದು ಕೇಳುವುದು ಹುಚ್ಚು. ಆದರೆ ಎಚ್‌ಎಎಲ್ ಸೋತದ್ದು ಹುಡುಗರು ಊರಿನವರು ಎಂಬ ಕಾರಣಕ್ಕಲ್ಲ, ದುಡ್ಡು ಚೆಲ್ಲುವ ಕ್ಲಬ್ಬುಗಳ ಎದುರು ಕಾರ್ಖಾನೆಯ ಸಂಬಳದಲ್ಲಿ ಆಡಿದ್ದಕ್ಕೆ.

ಈ ಊರಿನ ಮಣ್ಣಿನಲ್ಲಿ ಆಟವಿಲ್ಲ ಎನ್ನುವವರು ಸ್ವಲ್ಪ ಹಿಂದಿನದು ನೆನೆಸಿಕೊಳ್ಳಲಿ. ಒಲಿಂಪಿಕ್ಸ್ ಆಡಿದ ಕೆಂಪಯ್ಯ, 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದ ಅರುಮೈನಾಯಗಂ, ಆಮೇಲೆ ಉಲಗನಾಥನ್, ಮೂವರೂ ಇಲ್ಲಿಂದ ಹೋಗಿ ಮೋಹನ್ ಬಾಗಾನಿಗೆ ಆಡಿದವರು. ಆಸ್ಟಿನ್ ಟೌನಿನ ಕಾರ್ಲ್ಟನ್ ಚಾಪ್ಮನ್ ತರಬೇತಿಗೆ ಜಮ್‌ಶೆಡ್‌ಪುರಕ್ಕೆ ಹೋಗಬೇಕಾಯಿತು. ಮುಂದೆ ಭಾರತಕ್ಕೇ ನಾಯಕನಾದ. ಆಗ ಕೋಲ್ಕತ್ತದವರು ಬಂದು ಬೆಂಗಳೂರಿನಲ್ಲಿ ಆರಿಸಿಕೊಂಡು ಹೋಗುತ್ತಿದ್ದರು. ಈಗ ಬೆಂಗಳೂರಿನವರು ಕೋಲ್ಕತ್ತ ಬಿಟ್ಟವರನ್ನು ಆರಿಸಿ ತರುತ್ತಾರೆ. 2023ರ ಮಾರ್ಚ್‌ನಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಹುಡುಗರು ಇಲ್ಲ ಎನ್ನುವ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆ ತಂಡದಲ್ಲಿದ್ದವರೆಲ್ಲ ಇಲ್ಲೇ ಹುಟ್ಟಿದವರು ಅಂತಲ್ಲ. ಇಲ್ಲಿಯ ಮೈದಾನದಲ್ಲಿ ಆಡುವವನು ಇಲ್ಲಿಯವನೇ, ಜಾತಕ ಕೇಳಬೇಕಾಗಿಲ್ಲ.

ದುಡ್ಡಿನ ಕಥೆ ಬೇರೆ ಇದೆ. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯುತ್ತೇವೆ ಎಂದು ಪ್ರಕಟಿಸಿತು. ಆ ಸಾಲಿನ ಲೀಗ್ ಶುರುವಾಗಿದ್ದು 2026ರ ಫೆಬ್ರವರಿಗೆ. ಹಣ ನಿಂತ ದಿನ ದೊಡ್ಡ ಹೆಸರಿನವನಿಗೆ ಹತ್ತು ಬಾಗಿಲು ತೆರೆದಿರುತ್ತವೆ. ಗೌತಮಪುರದ ಹುಡುಗನಿಗೆ ಅಷ್ಟು ಬಾಗಿಲುಗಳಿಲ್ಲ. ಹಿಂದೆ ಐಟಿಐ, ಎಚ್‌ಎಎಲ್ ಎಂದು ಕಾರ್ಖಾನೆ ಕೆಲಸವಾದರೂ ಸಿಗುತ್ತಿತ್ತು. ಫುಟ್‌ಬಾಲ್ ಆಡಿ ಮನೆ ನಡೆಸಬಹುದಿತ್ತು. ಆ ದಾರಿ ಸಣ್ಣದಾಗಿ ಎಷ್ಟೋ ಕಾಲವಾಯಿತು. ಕ್ಲಬ್ಬೂ ಕಣ್ಣೆತ್ತಿ ನೋಡದಿದ್ದರೆ ಹದಿನೆಂಟನೇ ವಯಸ್ಸಿಗೆ ಬೂಟು ಮೂಲೆಗೆ ಹಾಕಿ ಡೆಲಿವರಿ ಬ್ಯಾಗು ಹೆಗಲಿಗೇರಿಸುವುದೊಂದೇ ಅವನಿಗೆ ಉಳಿದಿರುವುದು.

ಕೇಳುತ್ತಿರುವುದು ದೊಡ್ಡದೇನಲ್ಲ. ಹೊರಗಿನಿಂದ ತರಲಿ, ಆದರೆ ಒಬ್ಬ ಗೋಲು ಹೊಡೆಯುವವ, ಒಬ್ಬ ರಕ್ಷಣೆಯವ, ಕೊರತೆ ಇರುವ ಕಡೆಗೆ ಅಷ್ಟೇ. ಒಂದು ವರ್ಷದ ಕರಾರಿನಲ್ಲಿ ಅರ್ಧ ತಂಡ ತುಂಬಿಸುವ ಚಾಳಿ ಬಿಡಲಿ. ಬೆಳೆಸಿದ ಹುಡುಗನ ಕರಾರನ್ನು ಕೊನೆಯ ಆರು ತಿಂಗಳಿಗೆ ಬರುವ ಮೊದಲೇ ಮುಂದುವರಿಸಲಿ, ಇಲ್ಲದಿದ್ದರೆ ಅವನೂ ಬಿಟ್ಟಿ ಹೋಗುತ್ತಾನೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಕಟ್ಟಿದ ಅಕಾಡೆಮಿಯಿಂದ ಮೇಲೆ ಬಂದವರಿಗೆ ಕೊನೆಯ ಐದು ನಿಮಿಷವಲ್ಲ, ಇಡೀ ಪಂದ್ಯಗಳು ಸಿಗಲಿ. ಇನ್ನು ಸೂಪರ್ ಡಿವಿಷನ್ ಲೀಗಿನ ಪಂದ್ಯಗಳು ನಡೆಯುವ ಅಶೋಕನಗರದ ಸ್ಟೇಡಿಯಂ ಕಂಠೀರವದಿಂದ ಎರಡು ಮೂರು ಬಸ್ ಸ್ಟಾಪಿನ ದೂರ. ಸ್ಪೇನಿಗೆ ಆಟಗಾರನನ್ನು ಹುಡುಕಲು ಹೋಗುವವರು ವಾರಕ್ಕೆರಡು ಮಧ್ಯಾಹ್ನ ಅಲ್ಲಿಯೂ ಹೋಗಿ ಕೂತು ನೋಡಲಿ.